ಮೊದಲ ಐಫೋನಿನಲ್ಲಿ ಎ4 ಚಿಪ್ ಇರಲಿಲ್ಲ

"2007ರ ಮೊದಲ ಐಫೋನ್ ಓಡಿದ್ದೇ ಆಪಲ್ ಸ್ವಂತವಾಗಿ ವಿನ್ಯಾಸ ಮಾಡಿದ ಎ4 ಚಿಪ್‌ನಲ್ಲಿ" ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಇದು ತಪ್ಪು.

ಆ ಫೋನಿನಲ್ಲಿ ಇದ್ದದ್ದು ಸ್ಯಾಮ್‌ಸಂಗ್‌ನ ಎಸ್5ಎಲ್8900 ಎಂಬ ಚಿಪ್. ಅದರೊಳಗೆ ಒಂದೇ ಒಂದು ಎಆರ್‌ಎಂ11 ಕೋರ್ (ಲೆಕ್ಕಾಚಾರ ಮಾಡುವ ಭಾಗ), ಪಕ್ಕದಲ್ಲಿ ಪರದೆಯ ಚಿತ್ರಗಳನ್ನು ಮೂಡಿಸುವ ಪವರ್‌ವಿಆರ್ ಎಂಬಿಎಕ್ಸ್ ಗ್ರಾಫಿಕ್ಸ್ ಭಾಗ. ವೇಗ ಸುಮಾರು 412 ಮೆಗಾಹರ್ಟ್ಸ್. ಇನ್ನೂ ಜಾಸ್ತಿ ವೇಗದಲ್ಲಿ ಓಡಬಲ್ಲ ಕೋರ್ ಅದು. ಬ್ಯಾಟರಿ ಉಳಿಯಲಿ, ಬಿಸಿ ಕಡಿಮೆಯಾಗಲಿ ಎಂದು ಬೇಕೆಂದೇ ವೇಗ ತಗ್ಗಿಸುವುದು ಇಂಥ ಚಿಪ್‌ಗಳಲ್ಲಿ ಮಾಮೂಲು. ಮೊಬೈಲ್ ನೆಟ್‌ವರ್ಕ್ ಕೆಲಸವಂತೂ ಈ ಚಿಪ್‌ನದ್ದೇ ಅಲ್ಲ, ಅದಕ್ಕೆ ಇನ್‌ಫಿನಿಯನ್ ಕಂಪನಿಯ ಬೇರೆ ಚಿಪ್ ಇತ್ತು.

ಗೊಂದಲ ಯಾಕೆ ಹುಟ್ಟಿತು ಎಂಬುದು ಅರ್ಥವಾಗುತ್ತದೆ. ಫೋನ್ ಬಿಚ್ಚಿದವರು ತೆಗೆದ ಚಿತ್ರಗಳಲ್ಲಿ ಚಿಪ್ ಮೇಲೆ ಆಪಲ್ ಗುರುತೇ ಕಾಣುತ್ತದೆ. ಆದರೆ ಮೇಲೆ ಅಚ್ಚಾದ ಗುರುತು ಒಳಗಿನ ವಿನ್ಯಾಸ ಯಾರದ್ದೆಂದು ಹೇಳುವುದಿಲ್ಲ, ಅಲ್ವಾ?

ದಿನಾಂಕ ನೋಡಿದರೂ ಸಾಕು. ಚಿಪ್ ವಿನ್ಯಾಸದ ಪಿ.ಎ. ಸೆಮಿ ಕಂಪನಿಯನ್ನು ಆಪಲ್ ಕೊಂಡದ್ದು 2008ರಲ್ಲಿ. ಎ4 ಪ್ರಕಟವಾದದ್ದು 2010ರ ಜನವರಿಯಲ್ಲಿ, ಮೊದಲ ಐಪ್ಯಾಡ್ ಜೊತೆ. ಫೋನಿಗೆ ಬಂದದ್ದು ಅದೇ ವರ್ಷದ ಐಫೋನ್ 4ರಲ್ಲಿ. ಆ ಎ4 ಕೂಡ ತಯಾರಾಗಿದ್ದು ಸ್ಯಾಮ್‌ಸಂಗ್ ಕಾರ್ಖಾನೆಯಲ್ಲೇ. ಇದನ್ನು ಜನ ಮರೆಯುತ್ತಾರೆ.

ಸ್ಯಾಮ್‌ಸಂಗ್ ಎಂಜಿನಿಯರುಗಳ ಕೆಲಸವನ್ನು ಸುಮ್ನೆ ಅಳಿಸಿಹಾಕುವುದು ನನಗೆ ಸರಿ ಕಾಣುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.