ಕಿಕ್ ಬಿಡಿ, ಹೈ-ಹ್ಯಾಟ್ ಕೇಳಿ

ನವೆಂಬರ್ ಬಂದು ಬ್ಲ್ಯಾಕ್ ಫ್ರೈಡೇ ಸೇಲ್ ಶುರುವಾದ್ರೆ ಸಾಕು, ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ: "ಅಣ್ಣಾ, ಡ್ರಮ್ಸ್‌ಗೆ ಯಾವ ಲೈಬ್ರರಿ ತಗೊಳ್ಳಲಿ?" ಲೈಬ್ರರಿ ಅಂದ್ರೆ ನಿಜವಾದ ಡ್ರಮ್ಸಿನ ಏಟುಗಳನ್ನ ರೆಕಾರ್ಡ್ ಮಾಡಿ, ಕಂಪ್ಯೂಟರಲ್ಲಿ ನುಡಿಸೋಕೆ ಅಂತ ಮಾರೋ ಸದ್ದಿನ ಕಟ್ಟು. ಪ್ರಶ್ನೆ ಜೊತೆಗೊಂದು ಡೆಮೊ ವಿಡಿಯೊ. ಅದರಲ್ಲಿ ಕಿಕ್ (ಕಾಲಲ್ಲಿ ತುಳಿದು ಬಾರಿಸೋ ದೊಡ್ಡ ಡ್ರಮ್) ಎದೆಗೇ ಗುದ್ದುತ್ತೆ, ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್) ಪಟಾಕಿ ಸಿಡಿದಂಗೆ ಸಿಡಿಯುತ್ತೆ. ಅಷ್ಟೊತ್ತಿಗೆ ಹುಡುಗನ ಡೆಬಿಟ್ ಕಾರ್ಡ್ ಜೇಬಿಂದ ಅರ್ಧ ಹೊರಗೆ ಬಂದಿರುತ್ತೆ.

ನಾನು ಹೇಳೋದಿಷ್ಟೇ. ಕಿಕ್, ಸ್ನೇರ್ ಕೇಳಿ ದುಡ್ಡು ಕೊಡಬೇಡಿ. ಹೈ-ಹ್ಯಾಟ್ ಕೇಳಿ, ಅಂದ್ರೆ ಒಂದರ ಮೇಲೊಂದು ಕೂತ ಆ ಜೋಡಿ ತಟ್ಟೆ, ಅದೂ ಮೆಲ್ಲಗೆ ನುಡಿಸಿದ ಹೈ-ಹ್ಯಾಟ್.

ಒಳ್ಳೇ ಕಿಕ್ ಈಗ ಪುಕ್ಕಟೆ ಸಿಗುತ್ತೆ. ಎಂಟಿ ಪವರ್ ಡ್ರಮ್‌ಕಿಟ್ ಇದೆ, ಸ್ಟೀವನ್ ಸ್ಲೇಟ್ ಡ್ರಮ್ಸ್ 5ರ ಫ್ರೀ ಆವೃತ್ತಿ ಇದೆ. ಅಬ್ಬರದ ಹಾಡಿಗೆ ಅವೇ ಧಾರಾಳ. ಹೈ-ಹ್ಯಾಟ್ ಕಥೆ ಬೇರೆ. ಮುಚ್ಚಿದ್ದು, ಸ್ವಲ್ಪ ಬಿಟ್ಟಿದ್ದು, ಅರ್ಧ ತೆರೆದಿದ್ದು, ಪೂರ್ತಿ ತೆರೆದಿದ್ದು, ಕಾಲಲ್ಲಿ ತುಳಿದಿದ್ದು. ಕಡ್ಡಿಯ ತುದಿಯಲ್ಲಿ ಹೊಡೆದಿದ್ದು ಒಂದು ಸದ್ದು, ಮೈಯಲ್ಲಿ ಹೊಡೆದಿದ್ದು ಇನ್ನೊಂದು. ಇವೆಲ್ಲಕ್ಕೂ ಮೆಲ್ಲಗಿಂದ ಜೋರಿನವರೆಗೆ ಹಲವು ವೆಲಾಸಿಟಿ ಲೇಯರ್ ಬೇಕು, ಅಂದ್ರೆ ಏಟಿನ ಒಂದೊಂದು ಬಿರುಸಿಗೂ ಬೇರೆ ರೆಕಾರ್ಡಿಂಗ್. ಒಂದೊಂದು ಲೇಯರಿಗೂ ನಾಲ್ಕೈದು ಬೇರೆ ಬೇರೆ ಏಟು ರೆಕಾರ್ಡ್ ಆಗಿರಬೇಕು, ಇದೇ ರೌಂಡ್ ರಾಬಿನ್. ಅದಿಲ್ಲ ಅಂದ್ರೆ ಹದಿನಾರು ಏಟೂ ಒಂದೇ ಏಟಿನ ನಕಲು, ಹೊಲಿಗೆ ಮಷಿನ್ ಓಡಿದಂಗೆ.

ಇದಕ್ಕೆಲ್ಲ ಜಾಗ ಎಷ್ಟು ಬೇಕು ಅಂತ ಒಮ್ಮೆ ಕೂತು ಲೆಕ್ಕ ಹಾಕಿದ್ದೆ. 24 ಬಿಟ್, 44.1 ಕಿಲೋಹರ್ಟ್ಸ್, ಒಂದು ಮೈಕು: ಸೆಕೆಂಡಿಗೆ ಸುಮಾರು 132 ಕೆಬಿ. ಕ್ರ್ಯಾಶ್ ಅನ್ನೋ ದೊಡ್ಡ ತಟ್ಟೆ ಒಂದೇಟಿಗೆ 15 ಸೆಕೆಂಡ್ ಝೇಂಕರಿಸುತ್ತೆ ಅಂದ್ಕೊಳ್ಳಿ, 10 ಮೈಕು ಅಂದ್ಕೊಳ್ಳಿ. ಒಂದೇಟಿಗೇ 20 ಎಂಬಿ. ಹತ್ತು ಲೇಯರ್, ಲೇಯರಿಗೆ ಐದು ಏಟು ಅಂದ್ರೆ ಒಂದು ತಟ್ಟೆಗೆ ಒಂದು ಕಡೆ ಹೊಡೆದಿದ್ದಕ್ಕೇ 1 ಜಿಬಿ ಹೋಯ್ತು! ಟೂನ್‌ಟ್ರ್ಯಾಕ್‌ನ ಸುಪೀರಿಯರ್ ಡ್ರಮ್ಮರ್ 3 ಯಾಕೆ 230 ಜಿಬಿ ದಾಟುತ್ತೆ ಅಂತ ಆಗ ತಲೆಗೆ ಹತ್ತಿತು. 2017ರಲ್ಲಿ ಬಂದ ಆ ಲೈಬ್ರರಿಯನ್ನ ಬೆಲ್ಜಿಯಮ್ಮಿನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್ ಜಾರ್ಜ್ ಮ್ಯಾಸನ್‌ಬರ್ಗ್ ರೆಕಾರ್ಡ್ ಮಾಡಿದ್ದು.

ತಟ್ಟೆ ದುಬಾರಿ ಅನ್ನೋದು ಹೊಸ ವಿಷಯ ಏನಲ್ಲ. ನಿಜವಾದ ಡ್ರಮ್ಸಿನ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದು) ಇಟ್ಕೊಂಡು ಬಂದ ಮೊದಲ ಡ್ರಮ್ ಮಷಿನ್ ರೋಜರ್ ಲಿನ್ ಅವರ ಎಲ್‌ಎಂ-1. ವರ್ಷ 1980, ಬೆಲೆ ಹತ್ತಿರ ಹತ್ತಿರ 5,000 ಡಾಲರ್. ಅಷ್ಟು ಕೊಟ್ರೂ ಅದರಲ್ಲಿ ಕ್ರ್ಯಾಶೂ ಇಲ್ಲ, ರೈಡ್ ಅನ್ನೋ ಇನ್ನೊಂದು ದೊಡ್ಡ ತಟ್ಟೆಯೂ ಇಲ್ಲ. ಅಷ್ಟು ಹೊತ್ತು ಮೊಳಗೋ ಸದ್ದನ್ನ ತುಂಬಿಡೋಕೆ ಆಗಿನ ಮೆಮೊರಿ ಚಿಪ್ಪಿನ ಬೆಲೆ ಅಡ್ಡ ಬರ್ತಿತ್ತು.

ಹಾಗಂತ ಜಿಬಿ ಜಾಸ್ತಿ ಇದ್ದಿದ್ದೇ ಒಳ್ಳೇದು ಅಂತಲ್ಲ. ಸುಪೀರಿಯರ್ ಕೊಡೋದು ಹಸಿ ಸದ್ದು. ಇಕ್ಯೂ (ಬಾಸ್, ಟ್ರೆಬಲ್ ಹದ ಮಾಡೋದು), ಕಂಪ್ರೆಷನ್ (ಸದ್ದಿನ ಏರಿಳಿತ ಹದ ಮಾಡೋದು) ಎಲ್ಲ ಹಾಕಿ ನೀವೇ ಬೇಯಿಸ್ಕೋಬೇಕು. ಮಿಕ್ಸಿಂಗ್ ಕೈಗೆ ಹತ್ತದವರಿಗೆ ಅದು ಬರೀ ಹಾರ್ಡ್ ಡಿಸ್ಕ್ ಭಾರ. 2022ರ ಈಝೀಡ್ರಮ್ಮರ್ 3, ಎಕ್ಸ್‌ಎಲ್‌ಎನ್‌ನವರ ಅಡಿಕ್ಟಿವ್ ಡ್ರಮ್ಸ್ 2 ಇವು ಹೆಚ್ಚುಕಮ್ಮಿ ಬೆಂದೇ ಬರ್ತವೆ. ತಿಂಗಳಿಗೆ ನಾಲ್ಕು ಜಿಂಗಲ್ ಮಾಡೋನಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ನಾನೂ ಒಮ್ಮೆ ಡೆಮೊ ನೋಡಿ ಮೋಸಹೋದೋನೇ. ಕಂಪನಿ ಹೆಸರು ಬೇಡ. ತಗೊಂಡ ಮೇಲೆ ಗೊತ್ತಾಯ್ತು, ಅದು ಕಾಂಟ್ಯಾಕ್ಟ್ ಅನ್ನೋ, ಇಂಥ ಲೈಬ್ರರಿ ನುಡಿಸೋ ಸಾಫ್ಟ್‌ವೇರಿನ ಫ್ರೀ ಪ್ಲೇಯರಲ್ಲಿ ಓಡಲ್ಲ, ಪೂರ್ತಿ ಆವೃತ್ತಿ ಬೇಕು. ಅದನ್ನೂ ತಗೊಂಡು ಒಂದು ಭಾವಗೀತೆಗೆ ಹಾಕಿದೆ. ಹಾಡಿಗೆ ಬೇಕಿದ್ದಿದ್ದು ಸೈಡ್ ಸ್ಟಿಕ್ (ಸ್ನೇರಿನ ಅಂಚಿಗೆ ಕಡ್ಡಿ ಬಡಿದಾಗ ಬರೋ ಟಕ್ ಸದ್ದು), ಮೆಲ್ಲನೆ ಹೈ-ಹ್ಯಾಟ್, ವೆಲಾಸಿಟಿ 30-40ರಲ್ಲಿ. ಕೆಳಗಿನ ಲೇಯರ್ ಅಂತ ಅಲ್ಲಿ ಇದ್ದಿದ್ದು ಜೋರಾಗಿ ಹೊಡೆದಿದ್ದನ್ನೇ ವಾಲ್ಯೂಮ್ ಇಳಿಸಿದ್ದು. ಮೆಲ್ಲಗೆ ಮುಟ್ಟಿದ ತಟ್ಟೆಯ ನಾದವೇ ಬೇರೆ ಅಲ್ವಾ? ನಮ್ಮ ಡ್ರಮ್ಮರ್ ಗೆಳೆಯ ಹೆಡ್‌ಫೋನ್ ಹಾಕ್ಕೊಂಡು ಎರಡು ಬಾರ್ ಕೇಳಿದ. "ಇದು ಕೂಗಾಡ್ತಿರೋನ ಬಾಯಿಗೆ ದಿಂಬು ಒತ್ತಿದಂಗಿದೆ ಕಣೋ" ಅಂದ.

ಇನ್ನು ನಮ್ಮ ವಾದ್ಯಗಳ ಗತಿ. ತಮಟೆ, ಡೊಳ್ಳು ಅಂತ ಹುಡುಕಿದಾಗೆಲ್ಲ ನನಗೆ ಸಿಕ್ಕಿದ್ದು ಹೆಚ್ಚಾಗಿ ಲೂಪು, ಅಂದ್ರೆ ಮೊದಲೇ ಬಾರಿಸಿಟ್ಟ, ಸುತ್ತಿ ಸುತ್ತಿ ಓಡೋ ತುಣುಕು. ಲೇಯರ್ ಇಲ್ಲ, ರೌಂಡ್ ರಾಬಿನ್ ಇಲ್ಲ, ಟೆಂಪೊ ಸ್ವಲ್ಪ ಎಳೆದ್ರೆ ಸದ್ದು ರಬ್ಬರ್ ಆಗುತ್ತೆ. ತಮಟೆ ಬೇರೆ ಕಾಯಿಸಿ ಬಾರಿಸೋ ವಾದ್ಯ. ಚರ್ಮ ತಣ್ಣಗಾದಂತೆ ಸದ್ದು ಇಳೀತಾ ಹೋಗುತ್ತೆ. ಯಾವ ಕಾವಲ್ಲಿ ರೆಕಾರ್ಡ್ ಮಾಡಿದ್ರು ಅಂತ ಲೂಪ್ ಪ್ಯಾಕಲ್ಲಿ ಯಾರು ಬರೀತಾರೆ?

ಹೋದ ತಿಂಗಳು ಒಂದು ಜಾತ್ರೆ ಹಾಡಿಗೆ ಎರಡು ದಿನ ಇದೇ ಲೂಪುಗಳ ಜೊತೆ ಒದ್ದಾಡಿ, ಕೊನೆಗೆ ತಮಟೆಯವರನ್ನೇ ಕರೆಸಿದೆ. ಇಬ್ಬರು ಬಂದ್ರು. ಗೇಟ್ ಪಕ್ಕ ಹಳೇ ರಟ್ಟಿನ ಡಬ್ಬ ಹರಿದು ಬೆಂಕಿ ಹಾಕಿ ತಮಟೆ ಕಾಯಿಸ್ತಾ ನಿಂತ್ರು. ಮೇಲ್ಮನೆಯಿಂದ ಓನರ್ ಇಣುಕಿ "ಏನ್ರೀ ಅದು ಹೊಗೆ?" ಅಂದ್ರು. ನಾನು ಉತ್ತರ ಹುಡುಕೋದ್ರೊಳಗೆ ಅವರಲ್ಲಿ ಹಿರಿಯರು ತಮಟೆಗೆ ಒಂದೇಟು ಹಾಕಿ, ಕಿವಿಗೊಟ್ಟು, "ಇನ್ನೊಂಚೂರು ಕಾಯ್ಬೇಕು ಸ್ವಾಮಿ" ಅಂದ್ರು. ಮೂರನೇ ಟೇಕಿಗೆ ಕೆಲಸ ಮುಗೀತು.