ಉಂಗುರಕ್ಕೆ ತೀರ್ಪು, ಗದ್ದೆಗೆ ವಾಯಿದೆ

2024ರ ನವೆಂಬರಿನಲ್ಲಿ ಇಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ಕೋರ್ಟು ಒಂದು ನಿಶ್ಚಿತಾರ್ಥದ ಉಂಗುರದ ಬಗ್ಗೆ ತೀರ್ಪು ಕೊಟ್ಟಿತು. ಉಂಗುರದ ಬೆಲೆ 70,000 ಡಾಲರ್! ಆಕೆಯ ಫೋನಿನಲ್ಲಿ ಇನ್ನೊಬ್ಬನಿಗೆ ಕಳಿಸಿದ ಮೆಸೇಜು ನೋಡಿ ಆತ ಮದುವೆ ಬೇಡ ಅಂದ. ಅವನು ಬರೀ ಸ್ನೇಹಿತ ಅಂದಳು ಆಕೆ. ವಿಚಾರಣೆ ನಡೆಸಿದ ಜಡ್ಜ್ ಆಕೆಯ ಮಾತು ನಂಬಿ, ಸುಮ್ನೆ ಅನುಮಾನಪಟ್ಟು ಮುರಿದವನು ನೀನೇ, ಉಂಗುರ ಅವಳದ್ದು ಅಂದಿದ್ದರು. ಕೊನೆಗೆ ಮೇಲಿನ ಕೋರ್ಟು, ಮದುವೆ ಆಗಲಿಲ್ಲ ಅಂದಮೇಲೆ ಕೊಟ್ಟವನಿಗೆ ವಾಪಸ್ಸು, ತಪ್ಪು ಯಾರದು ಅನ್ನುವ ಪಂಚಾಯ್ತಿ ನಮಗೆ ಬೇಡ ಅಂದಿತು. ತಪ್ಪು ಯಾರದು ಅಂತ ಹುಡುಕುವ 1959ರ ನಿಯಮ ಅವತ್ತಿಗೆ ಹೋಯಿತು.

ನಮ್ಮಲ್ಲಾದರೆ ಸೋದರಮಾವ ಬಂದು ಕೂತು ಸೀರೆ, ಉಂಗುರ, ಅಡುಗೆಯವರ ಖರ್ಚು ಎಲ್ಲ ಲೆಕ್ಕ ಹಾಕಿ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರು. ಅದು ಬೇರೆ ಮಾತು.

ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಇದೇ. ನಾನೂ ಕೋರ್ಟಿನ ತೀರ್ಪನ್ನೇ ಫೋನಿನಲ್ಲಿ ತೆಗೆದು ಓದಿದೆ. ಕಾನೂನು ಓದದ ನನಗೂ ಅರ್ಥವಾಯಿತು. ಯಾರು ಏನು ವಾದಿಸಿದರು, ಹಳೇ ನಿಯಮ ಯಾಕಿತ್ತು, ಈಗ ಯಾಕೆ ಬೇಡ, ಎಲ್ಲ ಬಿಡಿಸಿ ಹೇಳಿದ್ದರು. ಖುಷಿಯಾಯಿತು. ಅದೇ ವಾರ ಊರಿನ ನಮ್ಮ ಗದ್ದೆ ಪಾಲಿನ ಕೇಸಿನ ಬಗ್ಗೆ ಚಿಕ್ಕಪ್ಪನ ಮಗನ ವಾಟ್ಸಾಪ್ ಬಂತು: "ಅಣ್ಣಾ, ಎದುರು ಪಾರ್ಟಿ ಲಾಯರ್ ಬರಲಿಲ್ಲ. ಮುಂದಿನ ವಾಯಿದೆ ಫೆಬ್ರವರಿಗೆ." ಹೊಟ್ಟೆ ಉರಿಯಿತು.

ಈ ಮ್ಯಾಸಚೂಸೆಟ್ಸ್ ಕೋರ್ಟಿನವರು ತಮಗೆ ತಾವೇ ಒಂದು ಗಡುವು ಹಾಕಿಕೊಂಡಿದ್ದಾರೆ. ವಾದ ಕೇಳಿದ ಮೇಲೆ 130 ದಿನದೊಳಗೆ ತೀರ್ಪು ಕೊಡಬೇಕು. ವಾದವನ್ನು ಬಾಸ್ಟನ್ನಿನ ಸಫಕ್ ವಿಶ್ವವಿದ್ಯಾಲಯ ಇಂಟರ್ನೆಟ್ಟಿನಲ್ಲಿ ತೋರಿಸುತ್ತದೆ. ಮನೆಯಿಂದ ಕೆಲಸ ಮಾಡುವ ದಿನ ನಾನು ಕಾಫಿ ಹಿಡಿದು ನೋಡುವುದುಂಟು. ಒಂದೊಂದು ಕಡೆಗೆ 15 ನಿಮಿಷ. ವಕೀಲರು ಎರಡು ವಾಕ್ಯ ಮುಗಿಸುವಷ್ಟರಲ್ಲಿ ಜಡ್ಜ್‌ಗಳು ಅಡ್ಡ ಪ್ರಶ್ನೆ ಹಾಕುತ್ತಾರೆ. ಕಾಗದ ಪತ್ರ ಮೊದಲೇ ಓದಿಕೊಂಡು ಬಂದಿರುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕ್ರಿಮಿನಲ್ ಕೇಸುಗಳಲ್ಲೂ ಹೀಗೇ. 2024ರ ಜನವರಿಯಲ್ಲಿ ಇದೇ ಕೋರ್ಟು, ಕೊಲೆ ಮಾಡಿದಾಗ 18ರಿಂದ 20 ವರ್ಷದವರಾಗಿದ್ದವರಿಗೆ ಪೆರೋಲಿನ, ಅಂದರೆ ಷರತ್ತಿನ ಮೇಲೆ ಬಿಡುಗಡೆಯ, ದಾರಿಯೇ ಇಲ್ಲದ ಜೀವಾವಧಿ ಶಿಕ್ಷೆ ಕೊಡುವಂತಿಲ್ಲ ಅಂದಿತು. ಆ ವಯಸ್ಸಿಗೆ ಮೆದುಳು ಪೂರ್ತಿ ಬಲಿತಿರುವುದಿಲ್ಲ ಅನ್ನುವುದು ದೊಡ್ಡ ಕಾರಣ. ನಾಲ್ವರು ಒಪ್ಪಿದರು, ಮೂವರು ಒಪ್ಪಲಿಲ್ಲ. ಒಪ್ಪದಿದ್ದವರೂ ಯಾಕೆ ಒಪ್ಪಲಿಲ್ಲ ಅಂತ ಬರೆದಿದ್ದಾರೆ. ಸತ್ತವರ ಮನೆಯವರಿಗೆ ಸಂಕಟ ಆಗಿರುತ್ತದೆ, ಸುಳ್ಳಲ್ಲ. ಆದರೆ ಯಾಕೆ ಹೀಗಾಯಿತು ಅಂತಲಾದರೂ ಅವರಿಗೆ ಗೊತ್ತು.

ಈಗ ನಮ್ಮ ಮನೆ ಕಥೆ. ಅಜ್ಜ ಹೋದ ಮೇಲೆ ದೊಡ್ಡಪ್ಪ ಪಾಲಿಗೆ ದಾವೆ ಹಾಕಿದರು. ಗದ್ದೆ, ಒಂದಿಷ್ಟು ಅಡಿಕೆ ತೋಟ, ಒಂದು ಬಾವಿ. ಕೇಸು ನಡೆಯುತ್ತಿರುವಾಗಲೇ ದೊಡ್ಡಪ್ಪ ತೀರಿಕೊಂಡರು. ಅವರ ವಾರಸುದಾರರನ್ನು ದಾವೆಗೆ ಸೇರಿಸಬೇಕು, ಅಂದರೆ ವಕೀಲರ ಬಾಯಲ್ಲಿ ಎಲ್‌ಆರ್ ತರಬೇಕು. ಒಬ್ಬ ಮಗ ಸೂರತ್ತಿನಲ್ಲಿದ್ದ, ನೋಟಿಸು ಹೋಗಿ ಹೋಗಿ ವಾಪಸ್ಸು ಬಂತು. ಅಂತೂ ಒಂದು ದಿನ ಡಿಕ್ರಿ ಆಯಿತು ಅಂತ ಫೋನು ಬಂತು. ಅಮ್ಮ ಗಣಪತಿಗೆ ಕಾಯಿ ಒಡೆದಳು. ಆಮೇಲೆ ನೋಡಿದರೆ ಅದು ಬರೀ ಪ್ರಿಲಿಮಿನರಿ ಡಿಕ್ರಿ. ಯಾರಿಗೆ ಎಷ್ಟು ಪಾಲು ಅಂತ ಮಾತ್ರ. ಯಾವ ಗದ್ದೆ ಯಾರಿಗೆ ಅನ್ನುವುದಕ್ಕೆ ಎಫ್‌ಡಿಪಿ ಅಂತ, ಅಂದರೆ ಅಂತಿಮ ಡಿಕ್ರಿಗೆ, ಮತ್ತೊಂದು ಅರ್ಜಿ ಹಾಕಬೇಕು. ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳೆದು ಹೋದರು. ನಕ್ಷೆಯಲ್ಲಿ ಬಾವಿ ಬದುವಿನ ಆಚೆ ಬಿದ್ದಿತ್ತು. ಅದಕ್ಕೆ ತಕರಾರು. ಅಷ್ಟರಲ್ಲಿ ಜಡ್ಜ್‌ಗೆ ವರ್ಗ.

ಕಾನೂನೇ ಇಲ್ಲ ಅಂದರೆ ಸುಮ್ಮನಿರಬಹುದಿತ್ತು. ಒಂದು ಪಾರ್ಟಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಪ್ರಿಲಿಮಿನರಿ ಡಿಕ್ರಿ ಆದಮೇಲೆ ಇನ್ನೊಂದು ಅರ್ಜಿಗೆ ಕಾಯಬೇಡಿ, ಕೋರ್ಟೇ ಮುಂದುವರಿಸಲಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಮೂರು ವಾಯಿದೆಯ ಲೆಕ್ಕವನ್ನು ನಮ್ಮ ವಕೀಲರಿಗೆ ಹೇಳಿದೆ. ನಕ್ಕುಬಿಟ್ಟರು. "ನೀವು ಅಮೆರಿಕಾದಲ್ಲಿದ್ದೀರಿ ಬಿಡಿ ಸಾರ್" ಅಂದರು.

ಇಲ್ಲಿಯದೆಲ್ಲ ಚಿನ್ನ ಅಂತಲ್ಲ. ಉಂಗುರದ ಜೋಡಿ ಮುರಿದುಕೊಂಡದ್ದು 2017ರಲ್ಲಿ. 130 ದಿನ ಅನ್ನುವುದು ಕೊನೆಯ ಮೆಟ್ಟಿಲಿನ ಲೆಕ್ಕ ಅಷ್ಟೆ, ಅಲ್ಲಿಯವರೆಗೆ ಏರಲು ಅವರಿಗೂ ವರ್ಷಗಟ್ಟಲೆ ಹಿಡಿಯಿತು. ಬಡ ಆರೋಪಿಗಳ ಪರ ನಿಲ್ಲುವ ವಕೀಲರು 2025ರ ಮೇ ಕೊನೆಯಲ್ಲಿ, ಗಂಟೆಗೆ 65 ಡಾಲರ್ ಸಾಲದು ಅಂತ ಹೊಸ ಕೇಸು ಹಿಡಿಯುವುದನ್ನೇ ನಿಲ್ಲಿಸಿದರು. ವಕೀಲರಿಲ್ಲದೆ ಏಳು ದಿನ ಒಳಗಿದ್ದವರನ್ನು ಬಿಡಿ, 45 ದಿನವಾದರೂ ಸಿಗದಿದ್ದರೆ ಕೇಸು ಕೈಬಿಡಿ ಅಂತ ಆದೇಶವಾಯಿತು. ಬಾಸ್ಟನ್ನಿನಲ್ಲಿ ಹಾಗೆ ಎಷ್ಟೋ ಕೇಸು ಬಿದ್ದುಹೋದವು. ಅತ್ತ ನಮ್ಮ ಕರ್ನಾಟಕ ಹೈಕೋರ್ಟಿನ ಕಲಾಪವೂ ಈಗ ಯೂಟ್ಯೂಬಿನಲ್ಲಿ ಬರುತ್ತದೆ. 2024ರ ಡಿಸೆಂಬರಿನಲ್ಲಿ ಒಂದು ಪೀಠ ಕನ್ನಡದಲ್ಲೇ ತೀರ್ಪು ಓದಿತು. ಒಪ್ಪಿಕೊಂಡೆ.

ಇನ್ನೊಂದು ಇದೆ, ಹೇಳಲು ಅಷ್ಟು ಮನಸ್ಸಿಲ್ಲ. ಸೋದರತ್ತೆಯ ಮದುವೆ 1994ಕ್ಕಿಂತ ಮೊದಲೇ ಆಗಿತ್ತು. ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ್ದ ಹಳೇ ತಿದ್ದುಪಡಿಯಲ್ಲಿ ಅವರಿಗೆ ಸಮಪಾಲು ಇರಲಿಲ್ಲ, ಡಿಕ್ರಿಯಲ್ಲಿ ಅಜ್ಜನ ಪಾಲಿನ ಒಂದು ಚೂರು ಮಾತ್ರ ಬಂದಿತ್ತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಹೆಣ್ಣುಮಕ್ಕಳದೂ ಹುಟ್ಟಿನಿಂದ ಬಂದ ಹಕ್ಕು, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂದಿತು. ಅಂತಿಮ ಡಿಕ್ರಿ ಆಗದ ದಾವೆಗಳಿಗೂ ಅದು ಅನ್ವಯವಾಯಿತು. ನಮ್ಮದು ಆಗಿರಲಿಲ್ಲವಲ್ಲ! ಅತ್ತೆ ಅರ್ಜಿ ಹಾಕಿದರು, ಪಾಲಿನ ಲೆಕ್ಕ ಹೊಸದಾಗಿ ಆಯಿತು, ಅಣ್ಣತಮ್ಮಂದಿರ ಸಮಕ್ಕೆ ಬಂದರು. "ನಿಮ್ಮ ಅಮೆರಿಕಾದ ಥರ ಬೇಗ ಮುಗಿಸಿದ್ರೆ ನಂಗೇನು ಸಿಗ್ತಿತ್ತೋ?" ಅಂತ ಫೋನಿನಲ್ಲಿ ಕೇಳುತ್ತಾರೆ.

ಕೇಳಲಿ. ಅವರಿಗೂ ಎಪ್ಪತ್ತು ದಾಟಿತು. ಪಾಲು ಕಾಗದದ ಮೇಲಿದೆ, ಗದ್ದೆಯ ಅಳತೆ ಇನ್ನೊಂದು ಸಲ ಆಗಬೇಕು. ಕಮಿಷನರ್ ಫೀಸು ನಾನೇ ಕಳಿಸಿದ್ದೇನೆ.