ಮೋನೆಯ ಸೂರ್ಯ ಯಾಕೆ ಬೆಳ್ಳಗಿಲ್ಲ?

ನೀರು-ಆಕಾಶದ ಚಿತ್ರದಲ್ಲಿ ಭಾವ ಹುಟ್ಟುವುದು ಬಣ್ಣದಿಂದ ಅನ್ನುತ್ತಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ಟೋನ್‌ನದು, ಅಂದರೆ ತಿಳಿ-ಗಾಢದ ಲೆಕ್ಕದ್ದು.

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆ 1872ರ ದಿನಾಂಕ ಹಾಕಿದ ‘ಇಂಪ್ರೆಶನ್, ಸನ್‌ರೈಸ್’ ನೋಡಿ. ಫ್ರಾನ್ಸಿನ ಲ ಆವ್ರ್ ಬಂದರು. ಕ್ಯಾನ್ವಾಸ್ ಸುಮಾರು 48 × 63 ಸೆಂ.ಮೀ. ಅಷ್ಟೇ. ಅದರ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಕಿತ್ತಳೆ ಕಣ್ಣಿಗೆ ಹೊಡೆದರೂ ಅದರ ಟೋನ್ ಸುತ್ತಲಿನ ಬೂದು ಮಂಜಿನದೇ. ಮಿದುಳಿನಲ್ಲಿ ಬಣ್ಣ ಗುರುತಿಸುವ ದಾರಿ ಬೇರೆ, ವಸ್ತು ಎಲ್ಲಿದೆ ಎಂದು ಹಿಡಿಯುವ ದಾರಿ ಬೇರೆ. ಎರಡನೆಯದು ನೋಡುವುದು ಟೋನನ್ನು, ಹಾಗಾಗಿ ಅದಕ್ಕೆ ಈ ಸೂರ್ಯ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಅದು ಮಿಡಿಯುವಂತೆ ಕಾಣುತ್ತದೆ ಎಂದು ವಿವರಿಸಿದವರು ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್.

ಬರೀ ಮುಂಜಾವಿನ ಸೊಗಸು ಅಂತ ಇದನ್ನು ಬದಿಗಿಡಬೇಡಿ. ಮಂಜಿನೊಳಗೆ ಹಡಗಿನ ಕಂಬಗಳಿವೆ, ಕ್ರೇನುಗಳಿವೆ, ಹೊಗೆ ಕಾರುವ ಚಿಮಣಿಗಳಿವೆ. 1870-71ರ ಯುದ್ಧದಲ್ಲಿ ಪ್ರಷ್ಯಾಕ್ಕೆ ಸೋತ ದೇಶದ ಬಂದರು ಮತ್ತೆ ದುಡಿಯುತ್ತಿದೆ. ಹೊಗೆಗೂ ಮಂಜಿಗೂ ಒಂದೇ ಟೋನ್ ಕೊಟ್ಟಿದ್ದರಿಂದ ಈ ಅರ್ಥ ಘೋಷಣೆಯಾಗದೆ ಉಳಿದಿದೆ. ನನಗೆ ಅತಿ ಇಷ್ಟವಾದದ್ದು ಇದೇ.

ವಾಟರ್‌ಕಲರ್‌ನಲ್ಲಿ ಇಂಥ ಚಿತ್ರ ಪ್ರಯತ್ನಿಸುವವರು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಯನ್ನೇ ಬಳಸಿ. ತೆಳು ಹಾಳೆ ನೀರಿಗೆ ಉಬ್ಬಿ ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಒಳ್ಳೆಯ ಬೂದು. ಒಣಗಿದಾಗ ತಿಳಿಯಾಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಒಂದು ಮಟ್ಟ ಗಾಢವಾಗಿ ಕಲಸಿ. ಆಕಾಶ, ನೀರು ಎರಡನ್ನೂ ಒಂದೇ ವಾಶ್‌ನಲ್ಲಿ, ಅಂದರೆ ನೀರಾದ ಬಣ್ಣದ ಒಂದೇ ತೆಳು ಪದರದಲ್ಲಿ, ಇಳಿಸಿ. ಹಸಿಯಿರುವಾಗಲೇ, ಹಿಂಡಿದ ಬ್ರಷ್‌ನಿಂದ ಸೂರ್ಯನ ಜಾಗದ ಬಣ್ಣ ಎತ್ತಿಬಿಡಿ. ಪೂರ್ತಿ ಒಣಗಿದ ಮೇಲೆ ಅಲ್ಲಿ ಕಿತ್ತಳೆ ತುಂಬಿ. ನೀಲಿ-ಬೂದಿನ ಮೇಲೆಯೇ ಹಾಕಿದರೆ ಕಿತ್ತಳೆ ಮಂಕಾಗಿ ಕಂದಾಗುತ್ತದೆ. ಅರೆ ಒಣಗಿದಾಗ ಕೈ ಹಾಕಿದರೆ ಹೂಕೋಸಿನಂಥ ಕಲೆ ಬೀಳುತ್ತದೆ: ಬ್ರಷ್‌ನ ಹೆಚ್ಚುವರಿ ನೀರು ಅರೆಹಸಿ ಬಣ್ಣವನ್ನು ಅಂಚಿಗೆ ತಳ್ಳುವುದೇ ಕಾರಣ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ದೂರದ ನೀರು ದಿಗಂತದ ಬಳಿಯ ತಿಳಿ ಆಕಾಶವನ್ನು ತೋರಿಸುತ್ತದೆ. ನಮ್ಮ ಕಾಲಬುಡದ ನೀರು ತೋರಿಸುವುದು ನೆತ್ತಿಯ ಕಡೆಯ ಆಕಾಶವನ್ನು, ಜೊತೆಗೆ ತನ್ನದೇ ಬಣ್ಣವನ್ನೂ. ಹಾಗಾಗಿ ಸಾಮಾನ್ಯವಾಗಿ ಕೆಳಗೆ ಬಂದಂತೆ ಗಾಢವಾಗಬೇಕು. ಇಡೀ ನೀರಿಗೆ ಒಂದೇ ನೀಲಿ ಬಳಿದರೆ ಅದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ದೋಣಿ ಕೊನೆಗೆ. ಮೋನೆಯ ಮೂರು ದೋಣಿಗಳಲ್ಲಿ ಹತ್ತಿರದ್ದು ಮಾತ್ರ ಗಾಢ, ಉಳಿದವು ದೂರ ಹೋದಂತೆ ತಿಳಿ. ಅಷ್ಟರಲ್ಲೇ ಬಂದರಿನ ಆಳ ಸಿಕ್ಕಿತು. ಕಪ್ಪು ದೋಣಿಯ ಪ್ರತಿಬಿಂಬವನ್ನು ದೋಣಿಗಿಂತ ಒಂದು ಮಟ್ಟ ತಿಳಿಯಾಗಿಡಿ.